ದೂರ ಒದಿ

ಮೊನ್ನೆ ರಾಫೆಲ್ಸ್ ಪ್ಲೇಸ್‌ನ ಎಂಆರ್‌ಟಿ ರೈಲು ನಿಲ್ದಾಣದ ಗೇಟಿನ ಮುಂದೆ ನಿಂತು ಕೈಚೀಲದಲ್ಲಿ ಕಾರ್ಡು ಹುಡುಕುತ್ತಿದ್ದೆ. ಹಿಂದೆ ನಿಂತವರ ಅಸಹನೆ ಬೆನ್ನಿಗೆ ತಾಗುತ್ತಿತ್ತು. ಒಳಗಿನ ಚಿಕ್ಕ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಕಾರ್ಡಲ್ಲ, ಕಟ್ಟಿದ ಗಂಟಲಿಗೆಂದು ಇಟ್ಟುಕೊಂಡಿದ್ದ ಒಂದು ತುಂಡು ಜ್ಯೇಷ್ಠಮಧುವಿನ ಕಡ್ಡಿ. ಒಂದು ತುದಿಯನ್ನು ಜಗಿದು ಜಗಿದು ಬಣ್ಣದ ಕುಂಚದ ಹಾಗೆ ಮಾಡಿಟ್ಟಿದ್ದೆ. ಪಕ್ಕಕ್ಕೆ ಸರಿದು, ಹಿಂದಿನವರಿಗೆಲ್ಲ ದಾರಿ ಬಿಟ್ಟು, ಅದನ್ನೇ ನೋಡುತ್ತ ನಿಂತೆ. ಎಷ್ಟೋ ತಿಂಗಳಿಂದ ಇದರ ನೆನಪೇ ಇರಲಿಲ್ಲವಲ್ಲ ಎಂದು ಮನಸ್ಸಿಗೆ ಹಗುರವಾಯಿತು.

ಹೋದ ವರ್ಷ ಪೂರ್ತಿ ಸೋಮವಾರ ಬಂತೆಂದರೆ ನನ್ನ ಗಂಟಲು ಕಟ್ಟಿರುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಅದನ್ನು ಏರ್‌ಕಾನ್ ಪ್ರಭಾವ ಎಂದು ನಂಬಿದ್ದರು. ನಮ್ಮ ಬಾಸ್ ಪಾಪ, ಒಳ್ಳೆಯ ಮನುಷ್ಯ, ತಂಗಾಳಿ ನೇರವಾಗಿ ಬೀಳದ ಮೂಲೆಗೆ ನನ್ನ ಮೇಜನ್ನು ಸರಿಸಿ ಕೊಟ್ಟರು. ಕಿಟಕಿಯಿಂದ ನದಿ ಕಾಣುವ ಆ ಮೂಲೆಗೆ ಎಷ್ಟೋ ಜನ ಕಣ್ಣು ಹಾಕಿದ್ದರು. ನಿಜ ಸಂಗತಿ ಹೇಳಿದ್ದರೆ ಮೇಜೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಮೀಟಿಂಗ್‌ಗಳಲ್ಲಿ ಬೆಣ್ಣೆಯ ದನಿಯಲ್ಲಿ ಮಾತಾಡುವ ಈ ಹೆಂಗಸು ಭಾನುವಾರ ಬೆಳಿಗ್ಗೆ ಕಾಕಿ ಬುಕಿತ್‌ನ ಗೋದಾಮುಗಳ ಹಿಂದಿನ ಮೈದಾನದಲ್ಲಿ ನಿಂತು, ಕತ್ತಿನ ನರ ಉಬ್ಬಿಸಿಕೊಂಡು ಕಿರುಚುತ್ತಾಳೆ ಎಂದು ಹೇಗೆ ಹೇಳುವುದು?

ನನ್ನ ಕೆಲಸವೇ ಅಂಥದ್ದು ಎಂದು ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳುತ್ತೇನೆ. ನಾನು ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿದ್ದೇನೆ. ಬೇರೆಯವರು ಧೈರ್ಯ ಮಾಡಿ ಏನಾದರೊಂದು ನಿರ್ಧಾರ ತೆಗೆದುಕೊಳ್ಳುತ್ತಾರೆ. ಆಮೇಲೆ ನಾವು ಹೋಗಿ, ಹೀಗೇಕೆ ಮಾಡಿದಿರಿ, ಹಾಗೇಕೆ ಮಾಡಲಿಲ್ಲ, ಹೀಗಾಗಿದ್ದರೆ ಏನು ಗತಿ ಎಂದು ವಿಚಾರಿಸುತ್ತೇವೆ. ನಮ್ಮೂರಲ್ಲಿ ಜನ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಇಲ್ಲಿ ಸಂಬಳ ಕೊಡುತ್ತಾರೆ, ಅಷ್ಟೇ.

ಪುಕ್ಕಟೆ ಎಂದೆನಲ್ಲ, ನಮ್ಮೂರು ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ರಿವರ್ಸ್ ತೆಗೆದುಕೊಳ್ಳುವುದನ್ನು ನೀವು ನೋಡಬೇಕಿತ್ತು. ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುವುದು ಇಲಾಖೆಯ ಕ್ರಮ. ಊರಿನ ಕ್ರಮ ಬೇರೆ. ಬಸ್ಸು ಹಿಂದಕ್ಕೆ ಒಂದು ಮೊಳ ಸರಿಯುವುದೇ ತಡ, ಚಹಾದಂಗಡಿಯವರು, ಪೇಪರ್ ಓದುತ್ತಿದ್ದವರು, ಎಲೆಗೆ ಸುಣ್ಣ ಸವರುತ್ತಿದ್ದ ಮುದುಕರು, ಆ ಬಸ್ಸಿಗೆ ಹತ್ತುವವರೂ ಅಲ್ಲದವರು, ಎಲ್ಲರ ಕೈಯೂ ಒಟ್ಟಿಗೆ ಮೇಲೇಳುತ್ತಿತ್ತು. ಒಬ್ಬರು ಬರ್ಲಿ ಬರ್ಲಿ ಎಂದರೆ ಇನ್ನೊಬ್ಬರು ಎಡಕ್ಕ ಹೊಡೀರಿ ಎನ್ನುವರು. ಮತ್ತೊಬ್ಬರು ಏನೂ ಹೇಳದೆ ಬಸ್ಸಿನ ತಗಡಿಗೆ ಎರಡೇಟು ಬಾರಿಸುವರು. ಬಸ್ಸು ಕಂಬಕ್ಕೆ ತಾಗಿದರೆ, ನಾ ಹೇಳಿದ್ದೆ. ತಾಗದಿದ್ದರೆ, ನಾ ಹೇಳಿದ್ದಕ್ಕ ಉಳೀತು. ಒಬ್ಬ ಡ್ರೈವರ್ ಮಾತ್ರ ಹಿಂದಕ್ಕೆ ಬರುವಷ್ಟು ಹೊತ್ತೂ ಹಾರ್ನ್ ಒತ್ತಿ ಹಿಡಿಯುತ್ತಿದ್ದ. ಜನ ದೂರ ಸರಿಯಲೆಂದು ಒತ್ತುತ್ತಾನೆ ಎಂದು ನಾನು ತಿಳಿದಿದ್ದೆ. ಯಾರ ಮಾತೂ ಕಿವಿಗೆ ಬೀಳಬಾರದೆಂದು ಒತ್ತುತ್ತಾನೆ ಎಂದು ಅಪ್ಪ ಆಮೇಲೆ ಹೇಳಿದರು.

ಮನೆಯೊಳಗೆ ಈ ವಿದ್ಯೆಯ ಪರಮಾಚಾರ್ಯರು ನಮ್ಮ ಅವ್ವ. ಯಾರ ಮದುವೆಗೇ ಹೋಗಲಿ, ಪಂಕ್ತಿಯಲ್ಲಿ ಕೂತು ಗೋದಿ ಹುಗ್ಗಿಯ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಕಣ್ಣು ಅರ್ಧ ಮುಚ್ಚಿ, ಬೆಲ್ಲವನ್ನು ಯಾವಾಗ ಹಾಕಿದ್ದಾರೆ, ಯಾವಾಗ ಹಾಕಬೇಕಿತ್ತು ಎಂದು ಪಕ್ಕದವರಿಗೆ ತೀರ್ಪು ಹೇಳುತ್ತಿದ್ದರು. ತೀರ್ಪು ಹೇಳಿ ಮುಗಿಯುವಷ್ಟರಲ್ಲಿ ಎಲೆ ಖಾಲಿ. ಬಡಿಸುವವರು ಬಂದರೆ ಬೇಡವೆನ್ನುತ್ತಿರಲಿಲ್ಲ. ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಇಂಥ ಬಸ್ ಸ್ಟ್ಯಾಂಡಿನ ನೀರು ಕುಡಿದು ಬೆಳೆದವಳು ಫುಟ್‌ಬಾಲ್ ಮೈದಾನದ ಪಕ್ಕ ಬಾಯಿ ಮುಚ್ಚಿಕೊಂಡು ನಿಲ್ಲಬೇಕೆಂದರೆ ಹೇಗಾದೀತು, ನೀವೇ ಹೇಳಿ.

ಫುಟ್‌ಬಾಲ್ ನಮ್ಮ ಮನೆಗೆ ಬಂದದ್ದು ಮಗಳಿಂದ. ಹೆಸರು ಮಹಾದೇವಿ, ಅತ್ತೆಯವರ ಹೆಸರು. ಇಲ್ಲಿ ಎಲ್ಲರ ಬಾಯಲ್ಲೂ ಮಹಾ. ಚಿಕ್ಕವಳಿದ್ದಾಗ ನಮ್ಮ ಬ್ಲಾಕಿನ ನೆಲಮಹಡಿಯ ಖಾಲಿ ಜಾಗ, ವಾಯ್ಡ್ ಡೆಕ್‌ನಲ್ಲಿ, ಚೆಂಡಾಟ ಆಡಬಾರದೆಂಬ ಬೋರ್ಡಿಗೇ ಚೆಂಡು ಒದ್ದು ಬೈಸಿಕೊಳ್ಳುತ್ತಿದ್ದಳು. ಈಗ ಹದಿಮೂರು ದಾಟಿದೆ, ನನಗಿಂತ ಎತ್ತರ, ಒಂದು ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಗೋಲ್‌ಕೀಪರ್. ಮ್ಯಾಚಿಗೆ ಹೊರಡುವಾಗ ನನ್ನ ಸಮಾಧಾನಕ್ಕೆ ವಿಭೂತಿ ಹಚ್ಚಿಕೊಳ್ಳುತ್ತಾಳೆ. ಹಣೆಗೆ ಹಚ್ಚಿದರೆ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತದೆಂದು ಕತ್ತಿನ ಹಿಂದೆ ಹಚ್ಚಿಕೊಳ್ಳುತ್ತಾಳೆ. ದೇವರಿಗೆ ಅಷ್ಟು ಹೊಂದಾಣಿಕೆ ಇದ್ದೇ ಇರುತ್ತದೆ ಎಂದು ಅವಳಪ್ಪ ಶಿವಾನಂದರ ಅಭಿಪ್ರಾಯ. ಅವರು ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಸುರಕ್ಷತೆಯ ಇಂಜಿನಿಯರ್. ಮೈದಾನಕ್ಕೆ ಬಂದರೂ ಆಟ ನೋಡುವುದು ಕಡಿಮೆ. ಗೋಲ್ ಕಂಬ ಗಟ್ಟಿಯಾಗಿದೆಯೇ, ಸಿಡಿಲಿನ ಎಚ್ಚರಿಕೆಯ ದೀಪ ಉರಿಯುತ್ತದೆಯೇ ಎಂದು ನೋಡುತ್ತ ಅಡ್ಡಾಡುತ್ತಾರೆ.

ತಂಡದ ಕೋಚ್ ಹಫೀಜ್ ಎಂದು. ನಲವತ್ತರ ಆಸುಪಾಸು, ಮಿತಭಾಷಿ, ತಲೆಯ ಮೇಲೆ ಬಣ್ಣ ಹೋದ ಒಂದು ಟೋಪಿ. ಈ ಮನುಷ್ಯನಿಗೆ ಒಂದು ಹುಚ್ಚು. ಕೀಪರ್ ಕೈಗೆ ಚೆಂಡು ಬಂತೆನ್ನಿ. ಲೋಕದಲ್ಲಿ ಎಲ್ಲರೂ ಏನು ಮಾಡುತ್ತಾರೆ? ಬಲವಾಗಿ ದೂರಕ್ಕೆ ಒದ್ದು, ಅಪಾಯವನ್ನು ಮೈದಾನದ ಆಚೆ ತುದಿಗೆ ಕಳಿಸಿ, ನೆಮ್ಮದಿಯಾಗಿ ಮೂಗು ಒರೆಸಿಕೊಳ್ಳುತ್ತಾರೆ. ಹಫೀಜ್ ಅದನ್ನು ಬಿಡುವುದಿಲ್ಲ. ನಮ್ಮದೇ ಗೋಲ್ ಗೆರೆಯ ಮುಂದೆ, ಎದುರಾಳಿಗಳು ಹಸಿದು ಓಡಿ ಬರುತ್ತಿರುವಾಗ, ಪಕ್ಕದಲ್ಲೇ ನಿಂತ ನಮ್ಮ ಹುಡುಗಿಗೆ ಮೆಲ್ಲಗೆ ಚೆಂಡು ಕೊಡಬೇಕಂತೆ. ಎದುರಾಳಿಗಳು ಅವಳ ಮೇಲೆ ಮುಗಿಬಿದ್ದಾಗ ಅವಳು ಮತ್ತೊಬ್ಬಳಿಗೆ ದಾಟಿಸಬೇಕಂತೆ. ಅಷ್ಟರಲ್ಲಿ ಎದುರಾಳಿಗಳ ಬೆನ್ನ ಹಿಂದೆ ಮೈದಾನವೆಲ್ಲ ಖಾಲಿಯಂತೆ. ಕೂಗಿ ಹೇಳುವ ಅಭ್ಯಾಸ ಆತನಿಗಿಲ್ಲ. ಎರಡು ಬೆರಳನ್ನು ಟೋಪಿಯ ಅಂಚಿಗೆ ಮುಟ್ಟಿಸಿದರೆ ಅದೇ ಅಪ್ಪಣೆ: ಹತ್ತಿರ ಕೊಡು.

ಇದನ್ನು ಮಹಾ ನನಗೆ ಊಟದ ಮೇಜಿನ ಮೇಲೆ ಚಟ್ನಿಪುಡಿಯ ಡಬ್ಬಿಗಳನ್ನಿಟ್ಟು ವಿವರಿಸಿದಳು. ಶೇಂಗಾ ಚಟ್ನಿ ಅವಳು, ಗುರೆಳ್ಳು ಚಟ್ನಿ ಅವಳ ಗೆಳತಿ ಶಿನ್ ಯೀ, ಎದುರಿನಿಂದ ನುಗ್ಗುವವಳು ಅಗಸಿ ಚಟ್ನಿ. ಉಪ್ಪಿನ ಡಬ್ಬಿ ಚೆಂಡು. ಉಪ್ಪು ಶೇಂಗಾದಿಂದ ಗುರೆಳ್ಳಿಗೆ ಹೋಗುವಷ್ಟರಲ್ಲಿ ಶಿವಾನಂದ ಅಗಸಿ ಚಟ್ನಿಯನ್ನೆತ್ತಿ ರೊಟ್ಟಿಯ ಮೇಲೆ ಸುರುವಿಕೊಂಡರು. ಎದುರಾಳಿ ಹೀಗೆ ಮಾಯವಾಗುವುದಾದರೆ ನನ್ನ ಆಕ್ಷೇಪಣೆ ಏನೂ ಇಲ್ಲ ಎಂದೆ. ಮೈದಾನದಲ್ಲಿ ಅಗಸಿ ಚಟ್ನಿಗೆ ಕಾಲಿರುತ್ತವೆ, ಅದು ನಿನ್ನ ಮೇಲೆ ಓಡಿ ಬರುತ್ತದೆ, ಇದೆಲ್ಲ ಬೇಡದ ರಿಸ್ಕು ಎಂದು ನಮ್ಮ ಇಲಾಖೆಯ ದನಿಯಲ್ಲಿ ಷರಾ ಬರೆದೆ. ಅವಳು ಡಬ್ಬಿಗಳನ್ನು ಎತ್ತಿಟ್ಟಳು.

ಕೋಚ್‌ನದು ಇನ್ನೊಂದು ಕಟ್ಟಳೆ ಇತ್ತು. ಪಾಲಕರು ಹಗ್ಗದ ಈಚೆ ನಿಲ್ಲಬೇಕು. ಚಪ್ಪಾಳೆ ತಟ್ಟಬಹುದು, ಮಕ್ಕಳ ಹೆಸರು ಹಿಡಿದು ಹುರಿದುಂಬಿಸಬಹುದು. ಏನು ಮಾಡಬೇಕೆಂದು ಮಾತ್ರ ಹೇಳಿಕೊಡಬಾರದು. ಇದನ್ನು ಕೇಳಿದಾಗ ನನಗೆ ಜಮಖಂಡಿಯಲ್ಲಿ ಕರ್ಫ್ಯೂ ಹಾಕಿದಂತಾಯಿತು. ಎರಡು ಮ್ಯಾಚು ಹೇಗೋ ತಡೆದುಕೊಂಡೆ. ಮೂರನೆಯದರಲ್ಲಿ, ಮಹಾ ಗೆರೆಯ ಮೇಲೆ ಚೆಂಡಿಟ್ಟುಕೊಂಡು ಕೋಚ್‌ನ ಟೋಪಿ ನೋಡುತ್ತಿದ್ದಾಗ, ನನ್ನ ಬಾಯಿಂದ ಅದು ಹೊರಬಿತ್ತು: ದೂರ ಒದಿ!

ಒಂದು ಕ್ಷಣ ನಾಲಗೆ ಕಚ್ಚಿಕೊಂಡೆ. ಸುತ್ತ ನೋಡಿದರೆ ಯಾರೂ ಏನೂ ಅನ್ನಲಿಲ್ಲ. ಕೋಚ್ ತಿರುಗಿಯೂ ನೋಡಲಿಲ್ಲ. ಆಗ ಹೊಳೆಯಿತು, ಇಲ್ಲಿ ಕನ್ನಡ ತಿಳಿದವರು ನಾನು, ನನ್ನ ಮಗಳು, ಕಂಬ ಅಲ್ಲಾಡಿಸುತ್ತ ನಿಂತ ನನ್ನ ಗಂಡ, ಇಷ್ಟೇ ಜನ. ತಮಿಳರು ಒಬ್ಬರಿದ್ದಿದ್ದರೂ ಅರ್ಧ ಅರ್ಥವಾಗಿ ಗುಟ್ಟು ರಟ್ಟಾಗುತ್ತಿತ್ತು. ನಮ್ಮ ತಂಡದ ಪಾಲಕರಲ್ಲಿ ತಮಿಳರು ಇರಲಿಲ್ಲ. ಅಂದಿನಿಂದ ನನ್ನ ಹಿಂಜರಿಕೆ ಬಿಟ್ಟುಹೋಯಿತು. ಕೂಗುವಾಗ ಮುಖದ ತುಂಬ ನಗು, ಮೇಲೆ ಎರಡು ಚಪ್ಪಾಳೆ. ನೋಡಿದವರಿಗೆ ತಾಯಿಯೊಬ್ಬಳು ಮಗಳನ್ನು ಹುರಿದುಂಬಿಸುತ್ತಿದ್ದಾಳೆ ಎನ್ನಿಸಬೇಕು. ಪರದೇಶದಲ್ಲಿ ಕನ್ನಡ ನಶಿಸುತ್ತಿದೆ ಎಂದು ಸಭೆಗಳಲ್ಲಿ ಕಣ್ಣೀರು ಹಾಕುವವರು ನನ್ನನ್ನು ಕರೆದು ಶಾಲು ಹೊದಿಸಬೇಕಿತ್ತು.

ಶಿನ್ ಯೀಯ ತಾಯಿ ಮೇ ಲಿಂಗ್ ಯಾವಾಗಲೂ ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಬಹಳ ಉತ್ಸಾಹಿ. ಒಂದು ದಿನ ಅವಳು, ನಿಮ್ಮ ಭಾಷೆಯ ಆ ಚಿಯರ್ ತುಂಬ ಚೆನ್ನಾಗಿದೆ, ಬೀಟ್ ಇದೆ, ನನಗೂ ಹೇಳಿಕೊಡು ಎಂದಳು. ಅರ್ಥ ಏನೆಂದೂ ಕೇಳಿದಳು. ನಾನು ಕ್ಷಣವೂ ತಡವರಿಸದೆ, ನಿನಗೆ ಜಯವಾಗಲಿ ಎಂದು ಹೇಳಿಬಿಟ್ಟೆ. ಅವಳ ಬಾಯಲ್ಲಿ ಅದು ಮೊದಲು ದುರಾಡಿ ಎಂದಿತ್ತು. ನಾನೇ ಕೂತು ತಿದ್ದಿದೆ. ಗುರುವಾದ ಮೇಲೆ ಉಚ್ಚಾರ ಕೆಡಲು ಬಿಡಲಾಗುತ್ತದೆಯೇ? ಮುಂದಿನ ವಾರ ನೋಡಿದರೆ ಅವಳಿಂದ ಇನ್ನೂ ನಾಲ್ವರು ಕಲಿತಿದ್ದರು. ಒಬ್ಬ ತಂದೆ ಐಸ್ ಬಾಕ್ಸಿನ ಮುಚ್ಚಳವನ್ನು ತಾಳಕ್ಕೆ ಸರಿಯಾಗಿ ಬಡಿಯತೊಡಗಿದರು. ದೂ-ರ, ಒ-ದಿ, ಢಬ್ ಢಬ್. ನನಗೆ ಒಳಗೊಳಗೇ ಹೆಮ್ಮೆ.

ಮಹಾ ಈ ಬಗ್ಗೆ ಏನೂ ಹೇಳಿರಲಿಲ್ಲ. ಮಕ್ಕಳು ಏನೂ ಹೇಳದಿದ್ದರೆ ಒಪ್ಪಿಗೆಯಾಯಿತೆಂದು ತಿಳಿಯುವ ಚಟ ನಮಗೆಲ್ಲ ಇದೆ.

ಸೀಸನ್ ಮುಗಿಯಲು ಇನ್ನೊಂದೇ ಮ್ಯಾಚು ಉಳಿದಿತ್ತು. ಅದಕ್ಕೆ ಮೊದಲಿನ ಭಾನುವಾರ ಆ ಎಡವಟ್ಟು ನಡೆಯಿತು. ಚೆಂಡು ಮಹಾಳ ಕಾಲ ಮುಂದೆ. ಕೋಚ್‌ನ ಬೆರಳು ಟೋಪಿಗೆ ಹೋಯಿತು. ನಾನು ದೂರ ಒದಿ ಎಂದೆ. ಹುಡುಗಿ ದೂರಕ್ಕೆಂದು ಕಾಲು ಎತ್ತಿದಳು, ಅರ್ಧದಲ್ಲಿ ಹತ್ತಿರಕ್ಕೆಂದು ತಿರುಗಿಸಿದಳು. ಚೆಂಡು ಎರಡೂ ಕಡೆ ಹೋಗದೆ, ಉರುಳುತ್ತ ಉರುಳುತ್ತ ಸೀದಾ ಎದುರಾಳಿ ಹುಡುಗಿಯ ಕಾಲಿಗೆ ಹೋಗಿ ಕೂತಿತು. ಅವಳಿಗೇ ಆಶ್ಚರ್ಯ. ಖಾಲಿ ಗೋಲಿಗೆ ತಳ್ಳಿದಳು. ನಾವು ಸೋತೆವು.

ಮನೆಗೆ ಬಂದ ಮೇಲೆ ಮಹಾ ಬಚ್ಚಲಲ್ಲಿ ಕೂತು ಕೈಗವಸುಗಳನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆಯುತ್ತಿದ್ದಳು. ನಾನು ಬಾಗಿಲಿಗೆ ಒರಗಿ, ಆ ಕೋಚ್‌ಗೆ ಬುದ್ಧಿ ಇಲ್ಲ, ಗೆರೆಯ ಹತ್ತಿರ ಯಾರಾದರೂ ಇಂಥ ಆಟ ಆಡಿಸುತ್ತಾರೆಯೇ ಎಂದು ಶುರುಮಾಡಿದೆ. ಅವಳು ತಲೆ ಎತ್ತದೆ ಹೇಳಿದಳು:

"ಅಮ್ಮ, ಇಬ್ರೂ ಹೇಳಿದ್ರೆ ನನ್ ಕಾಲು ಸ್ಟಾಪ್ ಆಗುತ್ತೆ."

ಒಂದು ಗವಸನ್ನು ಬಕೆಟ್ಟಿನಿಂದ ಎತ್ತಿ ಮುಂದುವರಿಸಿದಳು.

"ಕೋಚ್ ಹೇಳಿದ್ದು ರಾಂಗ್ ಆದ್ರೆ ಅದು ಕೋಚ್ ಮಿಸ್ಟೇಕ್. ನೀನು ಹೇಳಿದ್ದು ರಾಂಗ್ ಆದ್ರೆ ನಿನ್ ಮಿಸ್ಟೇಕ್. ಎರಡೂ ಮಿಕ್ಸ್ ಆದ್ರೆ ನನ್ ಮಿಸ್ಟೇಕ್ ಆಗುತ್ತೆ. ಲಾಸ್ಟ್ ಮ್ಯಾಚ್ ನೋಡಿ ನೆಕ್ಸ್ಟ್ ಸೀಸನ್ ಕೀಪರ್ ಯಾರು ಅಂತ ಡಿಸೈಡ್ ಮಾಡ್ತಾರೆ. ನಂಗೆ ಕೀಪರ್ ಆಗೇ ಇರ್ಬೇಕು. ನೀನು ಬಾ, ಬರ್ಬೇಡ ಅಂತ ಹೇಳ್ತಾ ಇಲ್ಲ. ಬಟ್ ಸುಮ್ನೆ ಇರು. ಆಗಲ್ಲ ಅಂದ್ರೆ ಬರ್ಬೇಡ, ಓಕೆ?"

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಬೈಗುಳದ ಸುಳಿವೂ ಇರಲಿಲ್ಲ. ಗವಸಿನ ಬೆರಳುಗಳನ್ನು ಒಂದೊಂದಾಗಿ ಹಿಂಡುತ್ತ, ಬಹಳ ದಿನ ಯೋಚಿಸಿದವರ ಹಾಗೆ ಹೇಳಿದಳು. ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟೆ. ಅಡುಗೆಮನೆಗೆ ಬಂದು ಶಿವಾನಂದರಿಗೆ ಹೇಳಿದರೆ ಅವರು, ನಿನ್ನಿಂದಾದೀತೇ ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಅದು ಇನ್ನೂ ಚುಚ್ಚಿತು.

ಕೊನೆಯ ಮ್ಯಾಚಿನ ಬೆಳಿಗ್ಗೆ ನಾನು ಮೌನವ್ರತ ಹಿಡಿದವಳಂತೆ ಮೈದಾನಕ್ಕೆ ಹೋದೆ. ಸೋಲದೆ ಸಮ ಮಾಡಿಕೊಂಡರೂ ಸಾಕು, ನಮ್ಮ ತಂಡ ಮೇಲಿನ ಗುಂಪಿನಲ್ಲಿ ಉಳಿಯುತ್ತಿತ್ತು. ಸೋತರೆ ಕೆಳಗಿನ ಗುಂಪು. ಹಗ್ಗದ ಹತ್ತಿರ ಜಾಗ ಹಿಡಿದು, ಕೈ ಕಟ್ಟಿ, ತುಟಿ ಬಿಗಿದು ನಿಂತೆ. ನನ್ನ ಬಗ್ಗೆ ನನಗೇ ಗೌರವ ಬರುವಷ್ಟರಲ್ಲಿ ಮೇ ಲಿಂಗ್ ಬಂದಳು. ಅವಳ ಹಿಂದೆ ಪಾಲಕರ ದಂಡು. ಹೋದ ವಾರ ಪಾಪ ಮಹಾಗೆ ಹಾಗಾಯಿತಲ್ಲ, ಅವಳಿಗೆ ಧೈರ್ಯ ತುಂಬಬೇಕು, ಅದಕ್ಕೆ ಎಲ್ಲರಿಗೂ ಅವಳ ಭಾಷೆಯ ಚಿಯರ್ ಕಲಿಸಿಕೊಂಡು ಬಂದಿದ್ದೇನೆ ಎಂದಳು. ಅಜ್ಜ ಅಜ್ಜಿಯರೂ ಕಲಿತಿದ್ದರು. ಇವತ್ತು ಐಸ್ ಬಾಕ್ಸಿನ ಮುಚ್ಚಳಗಳು ಎರಡು.

ಹೇಗೆ ತಡೆಯುವುದು? ಅರ್ಥ ಹೇಳಿದರೆ, ಹತ್ತು ಹೆಜ್ಜೆ ಆಚೆ ನಿಂತ ಕೋಚ್‌ಗೆ ನಾನು ವರ್ಷವಿಡೀ ನಡೆಸಿದ ಕಾರಭಾರ ಗೊತ್ತಾಗುತ್ತದೆ. ಅದೂ ಮಗಳ ಭವಿಷ್ಯ ನಿಂತಿರುವ ಈ ಹೊತ್ತಿನಲ್ಲಿ. ಹೇಳದಿದ್ದರೆ ಇವರೆಲ್ಲ ಸೇರಿ ಅವಳ ಕಾಲು ನಿಲ್ಲಿಸುತ್ತಾರೆ. ಮೇ ಲಿಂಗ್‌ಳನ್ನು ಪಕ್ಕಕ್ಕೆ ಕರೆದು, ಇವತ್ತು ಹೊಸದೊಂದು ಚಿಯರ್ ಹೇಳಿಕೊಡುತ್ತೇನೆ, ಶಾಬಾಶ್ ಎಂದು ಕೂಗಿ ಎಂದೆ. ಅವಳು ಎರಡು ಸಲ ಹೇಳಿ ನೋಡಿ, ಇದಕ್ಕೆ ಬೀಟ್ ಇಲ್ಲ ಎಂದು ತಿರಸ್ಕರಿಸಿದಳು. ಶಿವಾನಂದರ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ಜೊಹೋರ್ ಕಡೆಯಿಂದ ಮೋಡ ಎದ್ದಿತ್ತು. ಸಿಡಿಲಿನ ಸೈರನ್ ಆದರೂ ಕೂಗಿ ಮ್ಯಾಚು ನಿಲ್ಲಲಿ ಎಂದು ಜೀವಮಾನದಲ್ಲಿ ಮೊದಲ ಸಲ ನಾನೂ ಆಕಾಶ ನೋಡಿದೆ. ಸೈರನ್ ಕೂಗಲಿಲ್ಲ.

ಆಟ ಹೇಗಾಯಿತೆಂದು ಕೇಳಬೇಡಿ. ನಾವೊಂದು ಗೋಲು ಹೊಡೆದೆವು, ಅವರೊಂದು ಹೊಡೆದರು, ಇಷ್ಟು ನೆನಪಿದೆ. ಅವರ ಒಂಬತ್ತನೆಯ ನಂಬರಿನ ಹುಡುಗಿ, ಎರಡು ಜಡೆಯವಳು, ಚಿರತೆಯ ಮರಿಯ ಹಾಗೆ ಓಡುತ್ತಿದ್ದಳು. ಅವಳು ನಮ್ಮ ಗೋಲಿನ ಕಡೆ ಬಂದಾಗಲೆಲ್ಲ ನಾನು ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ನನ್ನ ಸುತ್ತ ಮಾತ್ರ ಇಡೀ ಹಗ್ಗದುದ್ದಕ್ಕೂ ಸ್ವಚ್ಛವಾದ ಉಚ್ಚಾರದಲ್ಲಿ ದೂರ ಒದಿ, ದೂರ ಒದಿ. ನಾನು ಕಲಿಸಿದ್ದು ಅಷ್ಟು ಚೆನ್ನಾಗಿತ್ತು.

ಕೊನೆಯ ನಿಮಿಷಗಳು. ಚೆಂಡು ಎದುರಾಳಿಯ ಕಾಲಿಗೆ ತಾಗಿ ನಮ್ಮ ಗೋಲ್ ಗೆರೆಯಾಚೆ ಹೋಗಿತ್ತು. ಮಹಾ ಅದನ್ನು ತಂದು ಗೋಲಿನ ಮುಂದೆ ಇಟ್ಟಳು. ಶಿನ್ ಯೀ ಪಕ್ಕದಲ್ಲಿ, ಗೆರೆಗೆ ಅಂಟಿಕೊಂಡಂತೆ ನಿಂತಳು. ಒಂಬತ್ತನೆಯವಳು ಮೊಣಕಾಲು ಬಗ್ಗಿಸಿ ಹೊಂಚು ಹಾಕಿ ನಿಂತಳು. ಇಂಥ ಹೊತ್ತಿನಲ್ಲಿ ತಲೆ ನೆಟ್ಟಗಿದ್ದವರು ಯಾರೂ ಹತ್ತಿರ ಕೊಡಿಸುವುದಿಲ್ಲ ಎಂದುಕೊಂಡು ಕೋಚ್ ಕಡೆ ನೋಡಿದೆ. ಆತನ ಎರಡು ಬೆರಳು ಮೆಲ್ಲಗೆ ಎದ್ದು ಟೋಪಿಯ ಅಂಚು ಮುಟ್ಟಿದವು.

ಅದೇ ಗಳಿಗೆಗೆ ನನ್ನ ಸುತ್ತಲಿನ ಜನವೆಲ್ಲ ಒಕ್ಕೊರಲಿನಿಂದ ಮೊರೆಯಿತು. ಮುಚ್ಚಳಗಳು ಢಬಢಬ ಬಡಿದವು. ದೂ-ರ, ಒ-ದಿ!

ಮಹಾ ಚೆಂಡಿನ ಹಿಂದೆ ನಿಂತೇ ಇದ್ದಳು. ತಲೆ ತುಸು ಒಂದು ಕಡೆಗೆ ವಾಲಿಸಿದ್ದಳು. ಆಯಿತು, ಮತ್ತೆ ಕಾಲು ನಿಂತಿತು, ನಾನೇ ನಿಲ್ಲಿಸಿದೆ ಎಂದುಕೊಂಡೆ. ದೂರ ಒದಿಯೇ ತಾಯಿ, ಈ ಒಂದು ಸಲ ಅವರ ಮಾತನ್ನಾದರೂ ಕೇಳು ಎಂದು ಮನಸ್ಸು ಹೇಳುತ್ತಿತ್ತು. ಹಲ್ಲು ಕಚ್ಚಿ ದುಪಟ್ಟಾ ಹಿಡಿದುಕೊಂಡೆ. ಅಷ್ಟರಲ್ಲಿ ವಿಚಿತ್ರವೊಂದು ನಡೆಯಿತು. ಹೊಂಚು ಹಾಕಿ ನಿಂತಿದ್ದ ಆ ಒಂಬತ್ತನೆಯವಳು ಫಕ್ಕನೆ ಬೆನ್ನು ತಿರುಗಿಸಿ ಮೈದಾನದ ನಡುವಿಗೆ ಓಡತೊಡಗಿದಳು. ಮಹಾ ಒಳಗಾಲಿನಿಂದ ಶಿನ್ ಯೀಗೆ ಮೆಲ್ಲಗೆ ಚೆಂಡು ಕೊಟ್ಟಳು. ಗೋಲ್ ಗೆರೆಯಿಂದ ನಾಲ್ಕು ಮಾರು ದೂರವೂ ಇಲ್ಲ. ಶಿನ್ ಯೀಯ ಮೇಲೆ ಬೀಳಲು ಅಲ್ಲಿ ಯಾರೂ ಇರಲಿಲ್ಲ. ಅವಳು ಕತ್ತೆತ್ತಿ ಆರಾಮಾಗಿ ನೋಡಿ ಮುಂದಿನವಳಿಗೆ ಕೊಟ್ಟಳು, ಆ ಹುಡುಗಿ ಚೆಂಡನ್ನು ಎದುರಾಳಿಗಳ ತುದಿಯವರೆಗೂ ಒಯ್ದು ಮೂಲೆಯಲ್ಲಿ ಇಟ್ಟುಕೊಂಡಳು. ರೆಫ್ರಿ ಸೀಟಿ ಊದಿದರು. ಸಮ. ಉಳಿದೆವು.

ಹೋದ ಜೀವ ಬಂದಂತಾಗಿ ಹುಲ್ಲಿನ ಮೇಲೆ ಕೂತೇಬಿಟ್ಟೆ. ಮೇ ಲಿಂಗ್ ನನ್ನನ್ನು ಅಪ್ಪಿಕೊಂಡು, ನೋಡು, ನಿಮ್ಮ ಚಿಯರ್ ಎಷ್ಟು ಕೆಲಸ ಮಾಡಿತು ಎಂದು ಕುಣಿದಳು. ಆಗ ಅದನ್ನು ನಾನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಕೋಚ್ ಹಫೀಜ್ ನಮ್ಮ ಕಡೆ ಬಂದರು. ನೋಡಿದಿರಾ ಎನ್ನುತ್ತಾರೆ, ಅನ್ನಲಿ, ಇವತ್ತು ಅನ್ನಿಸಿಕೊಳ್ಳುತ್ತೇನೆ ಎಂದು ಸಿದ್ಧಳಾಗಿ ಎದ್ದು ನಿಂತೆ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು, ಮಕ್ಕಳಿಗೆಂದು ನಾನು ತಂದಿದ್ದ ಡಬ್ಬಿಯಿಂದ ಒಂದು ಕಿತ್ತಳೆ ಹೋಳು ಕೇಳಿ ಪಡೆದು, ಮೆಲ್ಲಗೆ ಹೇಳಿದರು. ಬೆರಳು ಟೋಪಿಗೆ ಮುಟ್ಟಿಸಿದ ಮರುಕ್ಷಣವೇ ತಪ್ಪು ಮಾಡಿದೆ ಅನ್ನಿಸಿತಂತೆ. ವಾಪಸು ತೆಗೆದುಕೊಳ್ಳಲು ಬೇರೆ ಸನ್ನೆಯನ್ನು ಮಕ್ಕಳಿಗೆ ಕಲಿಸಿಯೇ ಇರಲಿಲ್ಲವಂತೆ. ಅದಕ್ಕೇ ಕಣ್ಣು ಮುಚ್ಚಿಕೊಂಡರಂತೆ. ಆ ಪಾಸನ್ನು ಅವರು ನೋಡೇ ಇಲ್ಲ. ನಿಮ್ಮ ಮಗಳಿಗೆ ನನಗಿಂತ ಗಟ್ಟಿ ಗುಂಡಿಗೆ, ಮುಂದಿನ ಸೀಸನ್‌ಗೂ ಅವಳೇ ಕೀಪರ್ ಎಂದು ಹೇಳಿ, ಇನ್ನೊಂದು ಹೋಳು ತೆಗೆದುಕೊಂಡು ಹೋದರು.

ನನಗಾದ ನೆಮ್ಮದಿಯನ್ನು ಏನೆಂದು ಹೇಳಲಿ. ಇಷ್ಟು ವರ್ಷ ರಿಸ್ಕ್ ವಿಭಾಗದಲ್ಲಿದ್ದೇನೆ. ನಿರ್ಧಾರ ಮಾಡಿದ ಮರುಕ್ಷಣವೇ ಕಣ್ಣು ಮುಚ್ಚಿಕೊಂಡೆ ಎಂದು ಯಾರೂ ನನ್ನೆದುರು ಒಪ್ಪಿಕೊಂಡಿದ್ದಿಲ್ಲ. ಆ ಮನುಷ್ಯ ಒಮ್ಮೆಲೇ ನನಗೆ ಬಹಳ ಹತ್ತಿರದವರಾಗಿ ಕಂಡರು.

ಅಷ್ಟರಲ್ಲಿ ಮಹಾ ಬಂದಳು. ಜೊತೆಗೆ ಆ ಎರಡು ಜಡೆಯ ಒಂಬತ್ತನೆಯವಳು. ಆಟ ಮುಗಿದ ಮೇಲೆ ಮಕ್ಕಳು ಯಾವ ದ್ವೇಷವೂ ಇಲ್ಲದೆ ಒಂದೇ ಡಬ್ಬಿಗೆ ಕೈ ಹಾಕುತ್ತಾರೆ. ಆ ಹುಡುಗಿ ಕಿತ್ತಳೆ ಹೋಳು ಬಾಯಿಗಿಟ್ಟುಕೊಳ್ಳುತ್ತ ನನ್ನನ್ನು ನೋಡಿ ಕೇಳಿದಳು:

"ಆಂಟಿ, ನೀವು ಕನ್ನಡನಾ?"

ಡಬ್ಬಿಯನ್ನು ಹುಲ್ಲಿನ ಮೇಲಿಟ್ಟು, ಹೌದು, ನೀನು ಎಂದು ಕೇಳಿದೆ. ಅವಳ ಹೆಸರು ಅನ್ವಿತಾ. ಅಪ್ಪ ಅಮ್ಮ ದಾವಣಗೆರೆಯವರು, ಈಸ್ಟ್ ಕಡೆ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಮನೆ, ಇವತ್ತು ಅವರಿಗೆ ಬರಲಾಗಿರಲಿಲ್ಲ.

"ನಿಮ್ ಸೈಡ್ ಎಲ್ಲಾರೂ ಕನ್ನಡದಲ್ಲಿ ಕೂಗ್ತಾ ಇದ್ರಲ್ಲ, ಅಜ್ಜಿಗಳು ಕೂಡ, ನಾನು ಶಾಕ್ ಆಗ್ಬಿಟ್ಟೆ. ಲಾಸ್ಟ್‌ನಲ್ಲಿ ದೂರ ಒದಿ ಅಂದಿದ್ದು ಕೇಳಿ, ಬಾಲ್ ದೂರ ಬರುತ್ತೆ ಅಂತ ನಾನು ಬ್ಯಾಕ್ ಓಡ್ದೆ ಲಾ."

ಶಿವಾನಂದ ಆಕಾಶ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ಎಲ್ಲಿಯಾದರೂ ಅಡಗಿಕೊಳ್ಳಲು ಜಾಗವಿದೆಯೇ ಎಂದು ನೋಡಿದೆ. ಅನ್ವಿತಾ ಮಹಾಳ ಕಡೆ ತಿರುಗಿದಳು.

"ನೀನ್ಯಾಕೆ ಒದೀಲಿಲ್ಲ? ನಿಮ್ಮಮ್ಮ ಅಷ್ಟು ಜೋರಾಗಿ ಹೇಳಿದ್ರಲ್ಲ?"

ಮಹಾ ಗವಸು ಬಿಚ್ಚುತ್ತಿದ್ದಳು. ಕತ್ತಿನ ಹಿಂದಿನ ವಿಭೂತಿ ಬೆವರಿನಲ್ಲಿ ಕರಗಿ ಅಂಗಿಯ ಕಾಲರಿನವರೆಗೆ ಇಳಿದಿತ್ತು. ನನ್ನ ಕಡೆ ನೋಡದೆ, ಬಹಳ ಸಾಮಾನ್ಯ ಸಂಗತಿ ಎಂಬಂತೆ ಹೇಳಿದಳು:

"ನಮ್ಮಮ್ಮ ಹೇಳ್ಲಿಲ್ಲ. ನಾನು ನಿಂತು ಕೇಳ್ದೆ. ಎಲ್ಲಾರ್ ವಾಯ್ಸೂ ಇತ್ತು, ಅಮ್ಮಂದು ಇರ್ಲಿಲ್ಲ. ಅದಕ್ಕೇ ಶಿನ್ ಯೀಗೆ ಕೊಟ್ಟೆ."